ಮೊದಲು ಮಗು, ಆಮೇಲೆ ಕಾಲೇಜು: ಪೀಡಿಯಾಟ್ರಿಕ್ ನರ್ಸ್ ಪ್ರಾಕ್ಟಿಷನರ್ ಓದಿಗೆ ನಾನು ದಾರಿ ಆರಿಸಿಕೊಂಡ ಬಗೆ

ಅಮೆರಿಕದಲ್ಲಿ ಕೆಲಸ ಮಾಡುತ್ತಿರುವ ನಮ್ಮ ಕಡೆಯ ನರ್ಸ್‌ಗಳು ಮುಂದೆ ಓದುವ ಮನಸ್ಸು ಮಾಡಿದಾಗ ಆಗಾಗ ನನಗೆ ಫೋನ್ ಮಾಡುತ್ತಾರೆ. "ಅಕ್ಕಾ, ಯಾವ ಯೂನಿವರ್ಸಿಟಿಗೆ ಅರ್ಜಿ ಹಾಕಲಿ?" ಎಂಬುದೇ ಮೊದಲ ಮಾತು. ಡ್ಯೂಕ್, ವ್ಯಾಂಡರ್‌ಬಿಲ್ಟ್, ಪೆನ್ಸಿಲ್ವೇನಿಯಾ ಎಂದು ದೊಡ್ಡ ಹೆಸರುಗಳ ಪಟ್ಟಿ ಅವರ ಬಳಿ ಆಗಲೇ ಸಿದ್ಧವಾಗಿರುತ್ತದೆ. ಹೆಸರುಗಳೆಲ್ಲ ಒಳ್ಳೆಯವೇ. ಆದರೂ ಪಟ್ಟಿಯನ್ನು ಸ್ವಲ್ಪ ಬದಿಗಿಡಲು ಹೇಳಿ ನಾನು ಕೇಳುವುದು ಬೇರೆಯೇ ಪ್ರಶ್ನೆ: "ನೀನು ಯಾವ ಮಗುವಿನ ಮುಂದೆ ನಿಲ್ಲಬೇಕೆಂದಿದ್ದೀಯ? ಲಸಿಕೆಗೆ ಬಂದ ಆರು ತಿಂಗಳ ಕೂಸಿನ ಮುಂದೋ, ವೆಂಟಿಲೇಟರ್ ಹಾಕಿದ ಮಗುವಿನ ಮುಂದೋ?" ಇದು ತೀರ್ಮಾನವಾಗದೆ ಕಾಲೇಜು ಹುಡುಕಲು ಹೊರಡಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ನಾನು ಹುಡುಕಿದ್ದೂ ಈ ಕ್ರಮದಲ್ಲಿಯೇ.

ನಾನು ಮಂಗಳೂರಿನಲ್ಲಿ ಬಿಎಸ್‌ಸಿ ನರ್ಸಿಂಗ್ ಓದಿ, ಬೆಂಗಳೂರಿನಲ್ಲಿ ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ ಕೆಲಸ ಕಲಿತು, ಅಮೆರಿಕದಲ್ಲಿ ನರ್ಸ್ ಲೈಸೆನ್ಸ್‌ಗೆ ಬೇಕಾದ ಎನ್‌ಕ್ಲೆಕ್ಸ್ ಪರೀಕ್ಷೆ ಬರೆದು ಟೆಕ್ಸಾಸ್‌ಗೆ ಬಂದವಳು. ಡಲ್ಲಾಸ್ ಬಳಿಯ ಆಸ್ಪತ್ರೆಯ ಮಕ್ಕಳ ವಾರ್ಡ್‌ನಲ್ಲಿ ಕೆಲವು ವರ್ಷ ದುಡಿದ ಮೇಲೆ ಸ್ನಾತಕೋತ್ತರ ಓದಿಗೆ ಸೇರಿದೆ. ಈಗ ಮಕ್ಕಳ ಕ್ಲಿನಿಕ್‌ನಲ್ಲಿ ನರ್ಸ್ ಪ್ರಾಕ್ಟಿಷನರ್ ಆಗಿದ್ದೇನೆ. ಅಂದರೆ ಮಗುವನ್ನು ಪರೀಕ್ಷಿಸಿ, ಕಾಯಿಲೆ ಏನೆಂದು ಗುರುತಿಸಿ, ಬೇಕಾದ ಪರೀಕ್ಷೆಗಳನ್ನು ಮಾಡಿಸಿ, ಔಷಧಿ ಚೀಟಿಗೆ ಸಹಿ ಹಾಕುವ ನರ್ಸ್.

ಈ ವೃತ್ತಿ ಹುಟ್ಟಿದ್ದೇ ಮಕ್ಕಳಿಗಾಗಿ ಎಂಬುದು ನನಗೆ ಬಹಳ ಹೆಮ್ಮೆಯ ಸಂಗತಿ. 1965ರಲ್ಲಿ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಲೊರೆಟ್ಟಾ ಫೋರ್ಡ್ ಎಂಬ ನರ್ಸ್ ಮತ್ತು ಹೆನ್ರಿ ಸಿಲ್ವರ್ ಎಂಬ ಮಕ್ಕಳ ವೈದ್ಯರು ಸೇರಿ ಮೊತ್ತಮೊದಲ ನರ್ಸ್ ಪ್ರಾಕ್ಟಿಷನರ್ ತರಬೇತಿ ಆರಂಭಿಸಿದರು. ವೈದ್ಯರು ಸಿಗದ ಹಳ್ಳಿಗಾಡಿನ ಮಕ್ಕಳಿಗೆ, ಬಡ ಮಕ್ಕಳಿಗೆ ಆರೈಕೆ ತಲುಪಿಸುವುದು ಅವರ ಉದ್ದೇಶವಾಗಿತ್ತು. ವಯಸ್ಕರು, ವೃದ್ಧರು, ಇಡೀ ಕುಟುಂಬ ಎಂಬ ಉಳಿದ ಶಾಖೆಗಳೆಲ್ಲ ಆಮೇಲೆ ಬಂದವು. ಭಾರತದಲ್ಲಿ ಭಾರತೀಯ ನರ್ಸಿಂಗ್ ಪರಿಷತ್ತು ಕ್ರಿಟಿಕಲ್ ಕೇರ್‌ನಲ್ಲಿ ಎರಡು ವರ್ಷದ ನರ್ಸ್ ಪ್ರಾಕ್ಟಿಷನರ್ ಕೋರ್ಸ್ ತಂದಿದೆ. ಮಕ್ಕಳ ಶುಶ್ರೂಷೆಯನ್ನೇ ಓದಬೇಕೆನ್ನುವವರಿಗೆ ಅಲ್ಲಿ ಎಂಎಸ್‌ಸಿ ನರ್ಸಿಂಗ್ ಇದೆ. ಆದರೆ ಅದು ಔಷಧಿ ಬರೆಯುವ ಅಧಿಕಾರ ಕೊಡುವ ಓದಲ್ಲ.

ನಾನು ಓದುವ ವಿಷಯ ಎತ್ತಿದಾಗ ವಾರ್ಡ್‌ನಲ್ಲಿದ್ದವರಲ್ಲಿ ಹೆಚ್ಚಿನವರು ಕೊಟ್ಟ ಸಲಹೆ ಫ್ಯಾಮಿಲಿ ನರ್ಸ್ ಪ್ರಾಕ್ಟಿಷನರ್ ಆಗು ಎಂಬುದು. ಅದರಲ್ಲಿ ತಥ್ಯವಿದೆ. ಈ ದೇಶದ ಹತ್ತು ನರ್ಸ್ ಪ್ರಾಕ್ಟಿಷನರ್‌ಗಳಲ್ಲಿ ಸುಮಾರು ಏಳು ಮಂದಿ ಫ್ಯಾಮಿಲಿ ವಿಭಾಗದವರು. ಹಸುಗೂಸಿನಿಂದ ಹಣ್ಣು ಮುದುಕರವರೆಗೆ ಯಾರನ್ನೂ ನೋಡಬಹುದು, ಎಲ್ಲಿ ಹೋದರೂ ಕೆಲಸವಿದೆ. ಆದರೆ ಅವರ ಪಠ್ಯಕ್ರಮ ತೆಗೆದು ನೋಡಿದರೆ ಕ್ಲಿನಿಕಲ್ ತರಬೇತಿ ವಯಸ್ಕರು, ವೃದ್ಧರು, ಗರ್ಭಿಣಿಯರು, ಮಕ್ಕಳು ಎಂದು ಹಂಚಿಹೋಗಿರುತ್ತದೆ. ಮಕ್ಕಳ ಪಾಲಿಗೆ ಉಳಿಯುವುದು ಸ್ವಲ್ಪವೇ. ಮಕ್ಕಳ ವಿಭಾಗದ ಓದಿನಲ್ಲಾದರೋ ಪ್ರತಿಯೊಂದು ಗಂಟೆಯೂ ಮಕ್ಕಳದೇ. ಮೂರು ವಾರದ ಕೂಸಿಗೆ ಜ್ವರ ಬಂದರೆ ಅದು ಮೂರು ವರ್ಷದ ಮಗುವಿನ ಜ್ವರದಂತಲ್ಲ, ಕೂಡಲೇ ಆಸ್ಪತ್ರೆಗೆ ಕಳುಹಿಸಬೇಕಾದ ಸಂಗತಿ. ಇಂಥ ವ್ಯತ್ಯಾಸ ಕೈಗೆ, ಕಣ್ಣಿಗೆ ಹತ್ತಬೇಕಾದರೆ ನೂರಾರು ಮಕ್ಕಳನ್ನು ನೋಡಿಯೇ ಆಗಬೇಕು. ನಾನು ಮಕ್ಕಳ ವಿಭಾಗವೇ ಸರಿ ಎಂದು ನಿರ್ಧರಿಸಿದೆ. ಹಾಗೆಂದು ಎಲ್ಲರಿಗೂ ಇದೇ ಸರಿ ಎನ್ನುವುದಿಲ್ಲ. ಗಂಡನ ಕೆಲಸದ ಕಾರಣಕ್ಕೋ ಮತ್ತಾವುದಕ್ಕೋ ಚಿಕ್ಕ ಊರಿಗೆ ಹೋಗಿ ನೆಲೆಸಬೇಕಾಗಬಹುದು ಎನ್ನುವವರು ಫ್ಯಾಮಿಲಿ ವಿಭಾಗ ತೆಗೆದುಕೊಳ್ಳುವುದೇ ಲೇಸು. ಅಲ್ಲಿ ಮಕ್ಕಳನ್ನಷ್ಟೇ ನೋಡುವ ಹುದ್ದೆ ಅಪರೂಪ.

ಮಕ್ಕಳ ವಿಭಾಗದೊಳಗೆ ಮತ್ತೆ ಎರಡು ಕವಲು: ಕ್ಲಿನಿಕ್‌ನಲ್ಲಿ ತಪಾಸಣೆ, ಲಸಿಕೆ, ದಿನನಿತ್ಯದ ಕಾಯಿಲೆ ನೋಡುವ ಪ್ರೈಮರಿ ಕೇರ್ ಮತ್ತು ಆಸ್ಪತ್ರೆಯಲ್ಲಿ ತೀವ್ರವಾಗಿ ಕಾಯಿಲೆಬಿದ್ದ ಮಕ್ಕಳನ್ನು ನೋಡುವ ಅಕ್ಯೂಟ್ ಕೇರ್. ಇಂಥ ಉನ್ನತ ಹಂತದ ನರ್ಸ್‌ಗಳ ನಿಯಂತ್ರಣಕ್ಕೆ ಇಲ್ಲಿನ ನರ್ಸಿಂಗ್ ಸಂಸ್ಥೆಗಳು ಒಪ್ಪಿಕೊಂಡ 2008ರ ಕನ್ಸೆನ್ಸಸ್ ಮಾದರಿ ಬಂದ ನಂತರ ಓದು, ಪ್ರಮಾಣಪತ್ರ, ಲೈಸೆನ್ಸ್ ಮೂರೂ ಒಂದಕ್ಕೊಂದು ಹೊಂದಬೇಕು. ಪ್ರೈಮರಿ ಓದಿದವರು ಐಸಿಯುವಿನಲ್ಲಿ ಅಸ್ಥಿರ ಸ್ಥಿತಿಯ ಮಗುವಿನ ಚಿಕಿತ್ಸೆಯ ಹೊಣೆ ಹೊರುವಂತಿಲ್ಲ. ಮನಸ್ಸು ಬದಲಾದರೆ ಇನ್ನೊಂದು ಕವಲಿನ ಸರ್ಟಿಫಿಕೇಟ್ ಓದು ಮುಗಿಸಿ, ಇನ್ನೊಂದು ಪರೀಕ್ಷೆ ಬರೆಯಬೇಕು. ನಿಗಾ ಘಟಕದಿಂದ ಬಂದವಳಾದ್ದರಿಂದ ನಾನು ಅಕ್ಯೂಟ್ ಕಡೆಗೇ ಹೋಗುವೆನೆಂದು ಎಲ್ಲರೂ ಅಂದುಕೊಂಡಿದ್ದರು. ನಾನು ಎರಡೂ ಕಡೆ ಕೆಲಸ ಮಾಡುವವರ ಜೊತೆ ನಿಂತು ನೋಡಲು ಅನುಮತಿ ಕೇಳಿದೆ. ರಜೆಯ ದಿನಗಳು ಅದಕ್ಕೇ ಹೋದವು.

ಪ್ರೈಮರಿ ಕೇರ್ ಕ್ಲಿನಿಕ್‌ನಲ್ಲಿ ಒಂದು ಬೆಳಿಗ್ಗೆ ಹದಿನೆಂಟು ತಿಂಗಳ ಮಗುವನ್ನು ಕರೆದುಕೊಂಡು ತಾಯಿಯೊಬ್ಬರು ಬಂದರು. ಮನೆಮಾತು ಕನ್ನಡ. ಈ ವಯಸ್ಸಿನ ತಪಾಸಣೆಯಲ್ಲಿ ಆಟಿಸಂ ಬಗ್ಗೆ ತಂದೆತಾಯಂದಿರು ತುಂಬುವ ಎಂ-ಚಾಟ್ ಎಂಬ ಪ್ರಶ್ನಾವಳಿ ಇರುತ್ತದೆ. ಆ ಪ್ರಾಕ್ಟಿಷನರ್ ಕಾಗದ ಕೈಗೆ ತೆಗೆದುಕೊಳ್ಳುವ ಮೊದಲು ನೆಲದ ಮೇಲೆ ಕುಳಿತು, ಗೋಡೆಯ ಮೇಲಿನ ಮೀನಿನ ಚಿತ್ರದತ್ತ ಬೆರಳು ತೋರಿಸಿದರು. ಮಗು ಆ ಕಡೆ ನೋಡಿತು, ತಿರುಗಿ ಅವರ ಮುಖ ನೋಡಿತು, ಮತ್ತೆ ಮೀನಿನತ್ತ ನೋಡಿ ತಾನೂ ಬೆರಳು ಚಾಚಿತು. "ಮಾತು ತಡವಾಗುತ್ತಿದೆ, ಮನೆಯಲ್ಲಿ ಕನ್ನಡ ನಿಲ್ಲಿಸಿಬಿಡಲೇ?" ಎಂದು ತಾಯಿ ಕೇಳಿದರು. ಎರಡು ಭಾಷೆಗಳಿಂದ ಮಾತು ಕುಂಠಿತವಾಗುವುದಿಲ್ಲ, ಎರಡರಲ್ಲೂ ಬಲ್ಲ ಪದಗಳನ್ನು ಕೂಡಿಸಿ ಎಣಿಸಬೇಕು, ಮನೆಯಲ್ಲಿ ಕನ್ನಡವನ್ನೇ ಧಾರಾಳವಾಗಿ ಆಡಿ ಎಂದು ಅವರು ತಿಳಿಸಿ ಹೇಳಿದರು. ಜೊತೆಗೆ ಶ್ರವಣ ಪರೀಕ್ಷೆಗೂ ವಾಕ್ ತಜ್ಞರ ಭೇಟಿಗೂ ಬರೆದುಕೊಟ್ಟರು. ತಾಯಿ ನನ್ನ ಕಡೆ ತಿರುಗಿ "ಹಾಗಾದರೆ ಅಜ್ಜಿಯ ಜೊತೆ ಫೋನಿನಲ್ಲಿ ಮಾತಾಡಿಸಬಹುದಲ್ಲವಾ?" ಎಂದು ಕನ್ನಡದಲ್ಲಿ ಕೇಳಿದರು. ಐಸಿಯುವಿನಲ್ಲಿ ಜೀವ ಉಳಿಸುವ ಕೆಲಸದ ಮೇಲೆ ನನಗೆ ಇಂದಿಗೂ ಅಪಾರ ಗೌರವವಿದೆ. ಆದರೆ ಮೂರನೇ ದಿನದ ತಪಾಸಣೆಯಿಂದ ಹಿಡಿದು ಶಾಲೆಗೆ ಸೇರುವವರೆಗೆ, ಅದರಾಚೆಗೂ ಒಂದೇ ಮಗುವನ್ನು ಮತ್ತೆ ಮತ್ತೆ ನೋಡುವ ಈ ಕೆಲಸವೇ ನನ್ನದು ಎಂದು ಆ ಕೋಣೆಯಲ್ಲಿ ಖಚಿತವಾಯಿತು.

ಕವಲು ಗೊತ್ತಾದ ಮೇಲೆ ಪಟ್ಟಿ ತಾನಾಗಿ ಸಣ್ಣದಾಯಿತು. ನರ್ಸಿಂಗ್ ಓದಿನ ಗುಣಮಟ್ಟ ಪರಿಶೀಲಿಸುವ ಸಿಸಿಎನ್‌ಇ ಅಥವಾ ಎಸಿಇಎನ್‌ನಂಥ ಸಂಸ್ಥೆಯ ಮಾನ್ಯತೆ ಇಲ್ಲದವುಗಳನ್ನು ಮೊದಲೇ ಹೊಡೆದು ಹಾಕಿದೆ. ಮಾನ್ಯತೆ ಇಲ್ಲದ ಕಡೆ ಓದಿದರೆ ಮಕ್ಕಳ ನರ್ಸಿಂಗ್ ಪ್ರಮಾಣೀಕರಣ ಮಂಡಳಿಯಾದ ಪಿಎನ್‌ಸಿಬಿಯ ಪರೀಕ್ಷೆಗೆ ಕೂರುವಂತಿಲ್ಲ, ಪರೀಕ್ಷೆಯಿಲ್ಲದೆ ಲೈಸೆನ್ಸ್ ಇಲ್ಲ. ಆನ್‌ಲೈನ್ ಕಾರ್ಯಕ್ರಮವಾದರೆ ಟೆಕ್ಸಾಸ್‌ನಲ್ಲಿರುವ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳುತ್ತಾರೆಯೇ, ಇಲ್ಲಿನ ಲೈಸೆನ್ಸ್ ನಿಯಮಕ್ಕೆ ಆ ಓದು ಸಾಲುತ್ತದೆಯೇ ಎಂದು ಬರಹದಲ್ಲಿ ಕೇಳಿ ಉತ್ತರ ತರಿಸಿಕೊಂಡೆ.

ಇನ್ನು ಮುಖ್ಯ ವಿಷಯ, ಪ್ರಿಸೆಪ್ಟರ್. ಕ್ಲಿನಿಕಲ್ ತರಬೇತಿಯಲ್ಲಿ ನಮ್ಮನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಕೈಹಿಡಿದು ಕಲಿಸುವ ಪ್ರಾಕ್ಟಿಷನರ್ ಅಥವಾ ವೈದ್ಯರಿಗೆ ಹೀಗೆನ್ನುತ್ತಾರೆ. 2022ರಲ್ಲಿ ಪರಿಷ್ಕೃತವಾದ ರಾಷ್ಟ್ರೀಯ ಮಾನದಂಡದ ಪ್ರಕಾರ ರೋಗಿಗಳನ್ನು ನೇರವಾಗಿ ನೋಡುವ ತರಬೇತಿ ಕನಿಷ್ಠ 750 ಗಂಟೆ ಇರಬೇಕು. ಹಿಂದೆ 500 ಇತ್ತು. ದಿನಕ್ಕೆ ಎಂಟು ಗಂಟೆಯಂತೆ ಲೆಕ್ಕ ಹಾಕಿದರೂ ತೊಂಬತ್ತಕ್ಕಿಂತ ಹೆಚ್ಚು ದಿನ, ಅದೂ ಸಂಬಳವಿಲ್ಲದೆ. ಇಷ್ಟು ಕಾಲ ನಮ್ಮನ್ನು ಇಟ್ಟುಕೊಳ್ಳುವ ಮಕ್ಕಳ ಕ್ಲಿನಿಕ್ ಅನ್ನು ಹುಡುಕುವವರು ಯಾರು? ಕೆಲವು ಕಾರ್ಯಕ್ರಮಗಳಲ್ಲಿ ಆ ಭಾರ ವಿದ್ಯಾರ್ಥಿಯ ತಲೆಯ ಮೇಲೆಯೇ ಬೀಳುತ್ತದೆ. ಇಲ್ಲೇ ಹುಟ್ಟಿ ಬೆಳೆದವರಿಗೆ ಅಕ್ಕಪಕ್ಕದ ವೈದ್ಯರ ಪರಿಚಯವಿರುತ್ತದೆ. ನಮ್ಮಂತೆ ಹೊರಗಿನಿಂದ ಬಂದವರು ಕ್ಲಿನಿಕ್‌ನಿಂದ ಕ್ಲಿನಿಕ್‌ಗೆ ಅಲೆಯಬೇಕು. ಪ್ರಿಸೆಪ್ಟರ್ ಸಿಗದೆ ಒಂದು ಸೆಮಿಸ್ಟರ್ ಪೂರಾ ಕಳೆದುಕೊಂಡವರನ್ನೂ, ಏಜೆನ್ಸಿಗೆ ಕೈಯಿಂದ ಹಣ ಕೊಟ್ಟು ಜಾಗ ಪಡೆದವರನ್ನೂ ನಾನು ಬಲ್ಲೆ. ಕಲಿಸುವ ಹೊಣೆ ಹೊತ್ತು ಶುಲ್ಕ ಪಡೆಯುವ ಸಂಸ್ಥೆ ಕಲಿಯುವ ಜಾಗವನ್ನು ವಿದ್ಯಾರ್ಥಿಯೇ ತರಲಿ ಎನ್ನುವುದು ಅನ್ಯಾಯ. ನನಗೆ ಇದರಲ್ಲಿ ಎರಡನೇ ಮಾತಿಲ್ಲ.

ಆದ್ದರಿಂದ ಪ್ರತಿಯೊಂದು ಕಡೆಗೂ ಫೋನ್ ಮಾಡಿ ಇದನ್ನೇ ಕೇಳಿದೆ. ಒಂದು ಕಡೆಯವರು "ನಿಮಗೆ ಸಂಪೂರ್ಣ ಮಾರ್ಗದರ್ಶನ ಕೊಡುತ್ತೇವೆ" ಎಂದರು. ಮಾರ್ಗದರ್ಶನವೆಂದರೆ ಏನೆಂದು ಬಿಡಿಸಿ ಕೇಳಿದಾಗ, ಕ್ಲಿನಿಕ್‌ಗಳಿಗೆ ನಾನು ಕಳುಹಿಸಬೇಕಾದ ಪತ್ರದ ನಮೂನೆ ಎಂದು ತಿಳಿಯಿತು. ಇನ್ನೊಂದು ಕಡೆ ಕ್ಲಿನಿಕಲ್ ಸಂಯೋಜಕಿ ನನ್ನ ಪಿನ್‌ಕೋಡ್ ಕೇಳಿಕೊಂಡು, ತಮ್ಮ ಪಟ್ಟಿ ತೆರೆದು ಓದತೊಡಗಿದರು: ಮೊದಲ ಅವಧಿಗೆ ಬಡ ಕುಟುಂಬಗಳು ಬರುವ ಸಮುದಾಯ ಕ್ಲಿನಿಕ್, ಎರಡನೆಯದಕ್ಕೆ ಹೊರವಲಯದ ಖಾಸಗಿ ಮಕ್ಕಳ ಕ್ಲಿನಿಕ್, ಕೊನೆಗೆ ಅಸ್ತಮಾ ವಿಭಾಗದಲ್ಲಿ ಕೆಲವು ವಾರ. ಪ್ರಿಸೆಪ್ಟರ್ ನಡುವೆ ಕೆಲಸ ಬಿಟ್ಟರೆ ಏನು ಗತಿ ಎಂದೆ. "ಅದು ನನ್ನ ತಲೆನೋವು, ನಿಮ್ಮದಲ್ಲ" ಎಂದರು. ಪ್ರಸಿದ್ಧಿಯಲ್ಲಿ ಸಾಧಾರಣವಾದ ಆ ಸರ್ಕಾರಿ ವಿಶ್ವವಿದ್ಯಾಲಯಕ್ಕೇ ನಾನು ಸೇರಿದೆ. ಅವರು ಹೇಳಿದಂತೆಯೇ ನಡೆದುಕೊಂಡರು.

ಅದೇ ಫೋನ್ ಮಾತಿನಲ್ಲಿ ಕೇಳಬೇಕಾದ ಇನ್ನೂ ಕೆಲವು ಸಂಗತಿಗಳಿವೆ. ಮೊದಲ ಯತ್ನದಲ್ಲೇ ಪ್ರಮಾಣೀಕರಣ ಪರೀಕ್ಷೆ ಪಾಸಾದವರು ಶೇಕಡಾ ಎಷ್ಟು, ಅದು ಮಕ್ಕಳ ವಿಭಾಗದ್ದೋ ಇಡೀ ಕಾಲೇಜಿನದ್ದೋ? ಫ್ಯಾಮಿಲಿ ವಿಭಾಗದ ನೂರಾರು ವಿದ್ಯಾರ್ಥಿಗಳ ಅಂಕಿಯೊಳಗೆ ಮಕ್ಕಳ ವಿಭಾಗದ ಹತ್ತಿಪ್ಪತ್ತು ಜನ ಕಾಣದೇ ಹೋಗುತ್ತಾರೆ. ಪಾಠ ಮಾಡುವವರು ಈಗಲೂ ವಾರಕ್ಕೊಮ್ಮೆಯಾದರೂ ಮಕ್ಕಳನ್ನು ನೋಡುತ್ತಾರೆಯೇ? ಆನ್‌ಲೈನ್ ಓದಿನಲ್ಲಿ ದೈಹಿಕ ತಪಾಸಣೆಯನ್ನು ಎದುರು ನಿಂತು ಕಲಿಸಲು ಎಷ್ಟು ಸಲ ಕ್ಯಾಂಪಸ್ಸಿಗೆ ಕರೆಸುತ್ತಾರೆ? ಕಿವಿಯೊಳಗೆ ಇಣುಕಿ ಕೆಂಪಾದ ಪೊರೆಯನ್ನೂ ಕೀವು ತುಂಬಿ ಉಬ್ಬಿದ ಪೊರೆಯನ್ನೂ ಬೇರೆ ಮಾಡಿ ಗುರುತಿಸುವುದು ವಿಡಿಯೋ ನೋಡಿ ಬರುವ ವಿದ್ಯೆಯಲ್ಲ. ಅಳುವ ಮಗುವಿಗೆ ಎರಡೂ ಕೆಂಪಗೇ ಇರುತ್ತವೆ.

ಮಾಸ್ಟರ್ಸ್ ಸಾಕೋ, ಡಿಎನ್‌ಪಿ ಎಂಬ ಡಾಕ್ಟರೇಟ್ ಬೇಕೋ ಎಂಬ ಚರ್ಚೆ ಇಲ್ಲಿ ಹಳೆಯದು. 2015ರ ಹೊತ್ತಿಗೆ ಹೊಸದಾಗಿ ನರ್ಸ್ ಪ್ರಾಕ್ಟಿಷನರ್ ಆಗುವವರೆಲ್ಲ ಡಾಕ್ಟರೇಟ್ ಪಡೆಯಬೇಕೆಂದು ನರ್ಸಿಂಗ್ ಕಾಲೇಜುಗಳ ಸಂಘ 2004ರಲ್ಲೇ ಶಿಫಾರಸು ಮಾಡಿತ್ತು. ಅದು ಕಡ್ಡಾಯವಾಗಲಿಲ್ಲ, ಮಾಸ್ಟರ್ಸ್ ಮುಗಿಸಿದರೂ ಪರೀಕ್ಷೆಗೆ ಕೂರಬಹುದು. ವಾರಾಂತ್ಯಗಳಲ್ಲಿ ಹನ್ನೆರಡು ಗಂಟೆಯ ಶಿಫ್ಟ್ ಮಾಡುತ್ತ, ಮಗಳನ್ನು ನೋಡಿಕೊಳ್ಳಲು ಅತ್ತೆಯವರನ್ನು ಊರಿನಿಂದ ಕರೆಸಿಕೊಂಡು ಓದುತ್ತಿದ್ದ ನನಗೆ ಮಾಸ್ಟರ್ಸ್ ಸರಿಹೊಂದಿತು. ಬೋಧನೆಗೆ ಹೋಗುವ ಆಸೆಯಿದ್ದವರು ನೇರವಾಗಿ ಡಿಎನ್‌ಪಿಗೆ ಸೇರುವುದೇ ಒಳ್ಳೆಯದು.

ಹಣದ ವಿಚಾರಕ್ಕೆ ಬಂದರೆ, ನೀವಿರುವ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ನಿವಾಸಿಗಳಿಗೆ ಶುಲ್ಕ ಬಹಳ ಕಡಿಮೆ. ಉದ್ಯೋಗದಾತರು ಓದಿಗೆ ಕೊಡುವ ನೆರವಿನಲ್ಲಿ ವರ್ಷಕ್ಕೆ 5,250 ಡಾಲರ್‌ವರೆಗೆ ತೆರಿಗೆ ಇಲ್ಲ. ನಿಮ್ಮ ಆಸ್ಪತ್ರೆ ಅದಕ್ಕೆ ಪ್ರತಿಯಾಗಿ ಎಷ್ಟು ವರ್ಷ ದುಡಿಯಬೇಕೆಂದು ಕೇಳುತ್ತದೆ ನೋಡಿಕೊಳ್ಳಿ. ಕೇಂದ್ರ ಸರ್ಕಾರದ ಶಿಕ್ಷಣ ಸಾಲ ಗ್ರೀನ್ ಕಾರ್ಡ್ ಇದ್ದವರಿಗೆ ಸಿಗುತ್ತದೆ, ಎಚ್-1ಬಿ, ಎಚ್-4 ವೀಸಾದವರಿಗೆ ಸಿಗುವುದಿಲ್ಲ. ಸ್ನಾತಕೋತ್ತರ ವಿದ್ಯಾರ್ಥಿಗಳಿಗಿದ್ದ ಗ್ರ್ಯಾಡ್ ಪ್ಲಸ್ ಎಂಬ ಕೇಂದ್ರ ಸಾಲ 2025ರ ಕಾನೂನಿನ ಪ್ರಕಾರ 2026ರ ಜುಲೈ 1ರಿಂದ ಹೊಸಬರಿಗೆ ಇಲ್ಲವಾದ್ದರಿಂದ ದುಬಾರಿ ಖಾಸಗಿ ಕಾಲೇಜಿನ ಲೆಕ್ಕವನ್ನು ಇನ್ನಷ್ಟು ಎಚ್ಚರದಿಂದ ಹಾಕಬೇಕು.

ನಮ್ಮ ಪದವಿಯನ್ನು ಇಲ್ಲಿನದಕ್ಕೆ ಸಮ ಎಂದು ತೋರಿಸುವ ಮೌಲ್ಯಮಾಪನ ಬೇಕೇ ಬೇಕು. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಂಕಪಟ್ಟಿಗಳಿಗಾಗಿ ನನ್ನ ತಮ್ಮ ಬೆಂಗಳೂರಿನ ಜಯನಗರದ ಕಚೇರಿಗೆ ಹೋಗಿ ಅರ್ಜಿ ಕೊಟ್ಟು ಬಂದ. ಬಿಎಸ್‌ಸಿ ಓದಿದವರಿಗೆ ದಾರಿ ನೇರ. ಜಿಎನ್‌ಎಂ ಡಿಪ್ಲೊಮಾ ಮಾತ್ರ ಇದ್ದವರು ಮೊದಲು ಪದವಿ ಪೂರ್ಣಗೊಳಿಸಿಕೊಳ್ಳಬೇಕು. ಕರ್ನಾಟಕದಲ್ಲೇ ಇದ್ದು ನೇರವಾಗಿ ಈ ಓದಿಗೆ ಬರುವ ಯೋಚನೆಯಲ್ಲಿರುವವರಿಗೂ ಒಂದು ಮಾತು: ಸಾಮಾನ್ಯವಾಗಿ ಅಮೆರಿಕದ ಆರ್‌ಎನ್, ಅಂದರೆ ನೋಂದಾಯಿತ ನರ್ಸ್ ಲೈಸೆನ್ಸ್ ಕೈಯಲ್ಲಿರಬೇಕು, ಎನ್‌ಕ್ಲೆಕ್ಸ್ ಮೊದಲ ಮೆಟ್ಟಿಲು.

ಓದು ಮುಗಿದ ಮೇಲೆ ಯಾವ ರಾಜ್ಯದಲ್ಲಿ ಕೆಲಸ ಮಾಡುತ್ತೀರಿ ಎಂಬುದನ್ನೂ ಈಗಲೇ ಯೋಚಿಸಿ. ಕೊಲರಾಡೊ, ನ್ಯೂ ಮೆಕ್ಸಿಕೊ, ಅರಿಜೋನಾದಂಥ ರಾಜ್ಯಗಳಲ್ಲಿ ನರ್ಸ್ ಪ್ರಾಕ್ಟಿಷನರ್‌ಗೆ ಪೂರ್ಣ ಅಧಿಕಾರವಿದೆ. ಟೆಕ್ಸಾಸ್‌ನಲ್ಲಿ ವೈದ್ಯರೊಬ್ಬರ ಜೊತೆ ಲಿಖಿತ ಒಪ್ಪಂದವಿಲ್ಲದೆ ಔಷಧಿ ಬರೆಯುವಂತಿಲ್ಲ. ಗಮನ ಕೊಡಲಾಗದ, ಅತಿ ಚಟುವಟಿಕೆಯ ತೊಂದರೆಯಾದ ಎಡಿಎಚ್‌ಡಿ ಇರುವ ಮಗುವಿಗೆ ಮೀಥೈಲ್‌ಫೆನಿಡೇಟ್ ಎಂಬ ಔಷಧಿ ಬೇಕೆಂದು ನಾನು ಗುರುತಿಸಿದರೂ ಅದು ಎರಡನೇ ಷೆಡ್ಯೂಲಿನದು, ಅಂದರೆ ಕಾನೂನಿನ ಬಿಗಿ ನಿಯಂತ್ರಣದಲ್ಲಿರುವ ಔಷಧಿ. ಕ್ಲಿನಿಕ್‌ನಲ್ಲಿ ಕುಳಿತು ನಾನು ಅದನ್ನು ಬರೆಯಲಾರೆ, ಪಕ್ಕದ ಕೋಣೆಯ ವೈದ್ಯರ ಸಹಿ ಬೇಕು. ಆ ಮಗುವಿನ ತಾಯಿಯನ್ನು ಮತ್ತಷ್ಟು ಹೊತ್ತು ಕಾಯಿಸಬೇಕಾಗುವುದು ಇಂದಿಗೂ ನನ್ನನ್ನು ಕಾಡುತ್ತದೆ. ಈ ಕಾನೂನು ಬದಲಾಗಲೇಬೇಕು.

ಅರ್ಜಿ ಹಾಕುವವರು ದಿನಾಂಕಗಳ ಮೇಲೆ ಕಣ್ಣಿಡಿ. ಮಕ್ಕಳ ವಿಭಾಗಕ್ಕೆ ಅನೇಕ ಕಡೆ ವರ್ಷಕ್ಕೆ ಒಂದೇ ಸಲ ಪ್ರವೇಶ. ಅಂಕಪಟ್ಟಿ ಊರಿನಿಂದ ಬರಬೇಕು, ಮೌಲ್ಯಮಾಪನವಾಗಬೇಕು, ಶಿಫಾರಸು ಪತ್ರ ಬರೆಯುವ ಮೇಲಧಿಕಾರಿಗೂ ಸಮಯ ಕೊಡಬೇಕು. ಮುಂದಿನ ಆಗಸ್ಟ್‌ನಲ್ಲಿ ತರಗತಿಗೆ ಸೇರಬೇಕೆಂದಿದ್ದರೆ ಈ ಬೇಸಿಗೆಯಲ್ಲೇ ಕೆಲಸ ಶುರುವಾಗಬೇಕು. ಕಾಲೇಜುಗಳಿಗೆ ಫೋನ್ ಮಾಡುವಾಗ ಇತ್ತೀಚೆಗೆ ಮಕ್ಕಳ ವಿಭಾಗದಲ್ಲಿ ಓದು ಮುಗಿಸಿದ ಒಬ್ಬಿಬ್ಬರ ಜೊತೆ ಮಾತನಾಡಿಸಿಕೊಡಿ ಎಂದು ಕೇಳಿ, ಅವರ ಪ್ರಿಸೆಪ್ಟರ್‌ಗಳನ್ನು ಯಾರು ಹುಡುಕಿಕೊಟ್ಟರೆಂದು ಅವರ ಬಾಯಿಂದಲೇ ತಿಳಿದುಕೊಳ್ಳಿ.