ಲಾರಿಯನ್ನು ರಿವರ್ಸ್‌ನಲ್ಲಿ ಪ್ಲಾಟ್‌ಫಾರ್ಮ್‌ಗೆ ಹಚ್ಚುವಾಗ

ಗೋಡೌನ್ ಅಂಗಳದಲ್ಲಿ ಜೀವಕ್ಕೆ ಎರವಾಗುವ ಜಾಗ ಲಾರಿಯ ಹಿಂಬದಿಗೂ ಸರಕು ಏರಿಸಿ ಇಳಿಸುವ ಪ್ಲಾಟ್‌ಫಾರ್ಮ್‌ಗೂ ನಡುವಿನ ಸಂದು. ಕ್ಲೀನರ್ ಅಲ್ಲಿಗೆ ಹೋಗುವುದು ಹಿಂಬಾಗಿಲ ಕೊಂಡಿ ತೆಗೆಯಲು. ಆದ್ದರಿಂದ ಪ್ಲಾಟ್‌ಫಾರ್ಮ್ ಇನ್ನೂ ದೂರವಿರುವಾಗಲೇ ಲಾರಿ ನಿಲ್ಲಿಸಿ, ಬಾಗಿಲು ತೆರೆದು, ಎರಡೂ ಪಕ್ಕೆಗೆ ಕೊಕ್ಕೆ ಹಾಕಿ ಬಿಗಿಯಿರಿ. ಆಮೇಲೆ ಸಂದಿನಲ್ಲಿ ಯಾರಿಗೂ ಕೆಲಸವಿರಬಾರದು.

"ಬರ್ಲಿ, ಬರ್ಲಿ" ಎನ್ನುವವರು ಒಬ್ಬರೇ ಇರಲಿ. ನಾಲ್ಕು ಜನ ಕೂಗಿದರೆ ಡ್ರೈವರ್‌ಗೆ ಯಾವುದೂ ಕೇಳಿಸದು. ಆ ಒಬ್ಬರು ಲಾರಿಯ ನೇರ ಹಿಂದೆ ನಿಲ್ಲದೆ, ಬಲಗಡೆ ಹೊರಗೆ, ಡ್ರೈವರ್‌ಗೆ ಬಲಗನ್ನಡಿಯಲ್ಲಿ ಪೂರ್ತಿ ಕಾಣುವಂತೆ ನಿಲ್ಲಬೇಕು. ಕನ್ನಡಿಯಿಂದ ಅವರು ಮರೆಯಾದ ಕ್ಷಣವೇ ಬ್ರೇಕ್: ಈ ಒಪ್ಪಂದ ಮೊದಲೇ ಆಗಿರಲಿ. ಗಂಟೆಗೆ 5 ಕಿ.ಮೀ. ವೇಗದಲ್ಲೂ ಲಾರಿ ಸೆಕೆಂಡಿಗೆ ಸುಮಾರು ನಾಲ್ಕೂವರೆ ಅಡಿ ಸರಿಯುತ್ತದೆ. ಕೂಗು ಕೇಳಿ, ಕಾಲು ಒತ್ತಿ, ಏರ್ ಬ್ರೇಕ್ ಹಿಡಿಯುವಷ್ಟರಲ್ಲಿ ಸಂದು ಮುಚ್ಚಿಹೋಗಿರುತ್ತದೆ. ರಾತ್ರಿಯಾದರೆ ಹೊಳೆಯುವ ಪಟ್ಟಿಯ ಜಾಕೆಟ್ ಬೇಕೇ ಬೇಕು. ಟಾರ್ಚನ್ನು ಕನ್ನಡಿಗೆ ಬಿಡಬೇಡಿ, ಡ್ರೈವರ್‌ನ ಕಣ್ಣು ಕತ್ತಲೆ ಕಟ್ಟುತ್ತದೆ.

ಲಾರಿ ನಿಂತ ಮೇಲೆ ಹ್ಯಾಂಡ್‌ಬ್ರೇಕ್ ಹಾಕಿ, ಎಂಜಿನ್ ಆರಿಸಿ, ಕೀಲಿಯನ್ನು ಸೂಪರ್‌ವೈಸರ್ ಕೈಗೆ ಕೊಡಿ. ಲೋಡಿಂಗ್ ಮುಗಿಯುವ ಮುಂಚೆ "ಆಯ್ತು" ಎಂದುಕೊಂಡು ಡ್ರೈವರ್ ಹೊರಡುವುದನ್ನು ತಡೆಯಲು ಇದಕ್ಕಿಂತ ಖಚಿತವಾದ ದಾರಿ ಇಲ್ಲ. ಹಿಂದಿನ ಚಕ್ರಗಳ ಮುಂಬದಿಗೆ, ಎರಡೂ ಕಡೆ, ಅಡೆ ಕೊಡಿ. ದುಂಡುಕಲ್ಲು ಬೇಡ, ಅದು ಉರುಳುತ್ತದೆ. ಇಳಿಜಾರು ಮುಖದ ರಬ್ಬರ್ ಅಥವಾ ಮರದ ತುಂಡು ಟೈರಿಗೆ ಅಂಟಿಕೊಂಡಿರಬೇಕು. ಸರಕು ಎತ್ತುವ ಗಾಡಿ (ಫೋರ್ಕ್‌ಲಿಫ್ಟ್) ಲಾರಿಯ ಒಳನುಗ್ಗಿ ಬ್ರೇಕ್ ಹಾಕಿದಾಗಲೆಲ್ಲ ಲಾರಿ ಕೂದಲೆಳೆಯಷ್ಟು ಮುಂದೆ ಜರುಗುತ್ತದೆ. ಹತ್ತಾರು ಸಲ ಹೀಗಾದರೆ ಲಾರಿಗೂ ಪ್ಲಾಟ್‌ಫಾರ್ಮ್‌ಗೂ ನಡುವೆ ಹಾಸಿದ ಕಬ್ಬಿಣದ ಹಲಗೆಯ ತುದಿ ಜಾರಿ, ಫೋರ್ಕ್‌ಲಿಫ್ಟ್ ಸಮೇತ ಆಪರೇಟರ್ ಕೆಳಗೆ ಬೀಳುತ್ತಾರೆ. ಆದ್ದರಿಂದ ಆಗಾಗ ಹಲಗೆಯ ಅಂಚು ನೋಡುತ್ತಿರಿ.

ಯಾರಾದರೂ ಸಿಕ್ಕಿಬಿದ್ದರೆ ಗಾಬರಿಯಲ್ಲಿ ಎಳೆಯಬೇಡಿ. ಲಾರಿಯನ್ನು ಮೆಲ್ಲಗೆ ನೇರ ಮುಂದಕ್ಕೆ ಸರಿಸಿ, ಅಷ್ಟರಲ್ಲಿ ಇನ್ನೊಬ್ಬರು 108ಕ್ಕೆ ಕರೆ ಮಾಡಲಿ. ಚಕ್ರ ಮೈಮೇಲೆಯೇ ನಿಂತಿದ್ದರೆ ಉರುಳಿಸಬೇಡಿ, ಜಾಕ್ ಹಚ್ಚಿ ಎತ್ತಿ. ಸೊಂಟಕ್ಕೆ ಪೆಟ್ಟಾದವರನ್ನು ಕೂರಿಸಬೇಡಿ, ನಡೆಸಬೇಡಿ, ನೀರನ್ನೂ ಕುಡಿಸಬೇಡಿ. ಹೊರಗೆ ರಕ್ತ ಕಾಣದಿದ್ದರೂ ಒಳಗೆ ಸುರಿಯುತ್ತಿರಬಹುದು. ಮೈ ತಣ್ಣಗಾಗಿ ಬೆವರಿದರೆ ಅದೇ ಲಕ್ಷಣ.

ಅವತ್ತೇ ಅಪಘಾತ ಪುಸ್ತಕದಲ್ಲಿ ಹೊತ್ತು, ಜಾಗ, ಕಂಡವರ ಹೆಸರು ಬರೆಸಿ. ಇಎಸ್‌ಐ (ನೌಕರರ ರಾಜ್ಯ ವಿಮೆ) ಇರುವ ಕಾರ್ಮಿಕರಿಗೆ ಕೆಲಸದ ಗಾಯದಿಂದ ತಪ್ಪಿದ ದಿನಗಳಿಗೆ ಸರಾಸರಿ ವೇತನದ ಶೇ. 90ರಷ್ಟು ಪರಿಹಾರ ಸಿಗುವುದಕ್ಕೆ ಆ ಬರಹವೇ ಆಧಾರ.