ಕ್ಲಾಸ್ ಹೆಸರು ಅಂಕಿಯಿಂದ ಶುರುವಾದರೆ ಸ್ಟೈಲ್ ಬರುವುದಿಲ್ಲ

ಸಿಎಸ್‌ಎಸ್ (ವೆಬ್ ಪುಟದ ಬಣ್ಣ, ಅಳತೆ, ಜೋಡಣೆ ಹೇಳುವ ಭಾಷೆ) ಕಲಿಯುವವರು ಒಂದೇ ಜಾಗದಲ್ಲಿ ಎಡವುವುದನ್ನು ಎಷ್ಟೋ ಸಲ ನೋಡಿದ್ದೇನೆ. ಬಣ್ಣ ಬರುತ್ತಿಲ್ಲ ಅಂತ ಕ್ಯಾಶ್ ಅಳಿಸುತ್ತಾರೆ, ಬ್ರೌಸರ್ ಬದಲಿಸುತ್ತಾರೆ, ಸಿಕ್ಕಲ್ಲೆಲ್ಲ ಇಂಪಾರ್ಟೆಂಟ್ (ಈ ಸ್ಟೈಲೇ ಗೆಲ್ಲಲಿ ಅನ್ನುವ ಗುರುತು) ಸೇರಿಸುತ್ತಾರೆ. ತಪ್ಪು ಇರುವುದು ಕ್ಲಾಸ್ ಹೆಸರಿನಲ್ಲಿ, ಅಂದರೆ ಸ್ಟೈಲ್ ಹಚ್ಚಲು ಪುಟದ ಭಾಗಕ್ಕೆ ನಾವು ಕೊಡುವ ಹೆಸರಿನಲ್ಲಿ.

ಮೊದಲು, ಯಾವ ಅಕ್ಷರ ಬಳಸಬಹುದು? ಇಂಗ್ಲಿಷ್ ಅಕ್ಷರ, ಅಂಕಿ, ಹೈಫನ್, ಅಂಡರ್‌ಸ್ಕೋರ್. ಕನ್ನಡವೂ ನಡೆಯುತ್ತದೆ, ಫೈಲ್ ಯುಟಿಎಫ್-8ನಲ್ಲಿ ಸೇವ್ ಆಗಿರಬೇಕು ಅಷ್ಟೇ. ಹೆಸರಿನ ನಡುವೆ ಸ್ಪೇಸ್ ಹಾಕಿದರೆ ಒಂದು ಕ್ಲಾಸ್ ಎರಡಾಗುತ್ತದೆ.

ಆಮೇಲೆ ಹೆಸರಿನ ಮೊದಲ ಅಕ್ಷರ. ಇಲ್ಲಿ ನಿಧಾನವಾಗಿ ಓದಿ. ಎಚ್‌ಟಿಎಂಎಲ್‌ನಲ್ಲಿ (ಪುಟದ ವಿಷಯ ಬರೆಯುವ ಭಾಷೆ) 3ಕಾಲಮ್ ಅಂತ ಕ್ಲಾಸ್ ಕೊಟ್ಟರೆ ಯಾವ ತಕರಾರೂ ಇಲ್ಲ. ಅದನ್ನೇ ಸ್ಟೈಲ್ ಶೀಟ್‌ನಲ್ಲಿ .3ಕಾಲಮ್ ಅಂತ (ಕ್ಲಾಸ್ ಹೆಸರಿನ ಮುಂದೆ ಚುಕ್ಕಿ ಇಟ್ಟು) ಬರೆದರೆ ಬ್ರೌಸರ್ ಅದನ್ನು 0.3 ಅನ್ನುವ ಸಂಖ್ಯೆಯಾಗಿ ಓದಿ, ಕಾಲಮ್ ಅನ್ನುವುದು ಅಳತೆಯ ಯೂನಿಟ್ ಅಂದುಕೊಂಡು, ಇಡೀ ರೂಲನ್ನೇ ಸುಮ್ನೆ ಬಿಟ್ಟುಬಿಡುತ್ತದೆ. ಕಾಮಾ ಹಾಕಿ ಜೊತೆಗೆ ಬೇರೆ ಸೆಲೆಕ್ಟರ್ (ಸ್ಟೈಲ್ ಯಾವುದಕ್ಕೆ ಅಂತ ಹೇಳುವ ಭಾಗ) ಬರೆದಿದ್ದರೆ ಅವೂ ಹೋದವು. ಹೆಸರು ಒಂದು ಹೈಫನ್‌ನಿಂದ ಶುರುವಾಗಿ, ಅದಾದ ಕೂಡಲೇ ಅಂಕಿ ಬಂದರೂ ಇದೇ ಗತಿ. ಕನ್ನಡದ ೩ ಮಾತ್ರ ಮೊದಲಿಗೆ ಬರಬಹುದು, ಏಕೆಂದರೆ ಸಿಎಸ್‌ಎಸ್‌ಗೆ ಅಂಕಿ ಅಂದರೆ 0ಯಿಂದ 9 ಮಾತ್ರ.

ಎಚ್‌ಟಿಎಂಎಲ್ ನಿಮ್ಮ ಕೈಯಲ್ಲಿದ್ದರೆ ಹೆಸರನ್ನೇ ಬದಲಿಸಿ: ವರ್ಷ-2024. ಇಲ್ಲದಿದ್ದರೆ ಬ್ಯಾಕ್‌ಸ್ಲ್ಯಾಶ್ ಹಾಕಿ ಮೊದಲ ಅಂಕಿಯ ಯುನಿಕೋಡ್ ಸಂಖ್ಯೆ ಬರೆಯಬೇಕು. 2ರ ಸಂಖ್ಯೆ ಹೆಕ್ಸ್‌ನಲ್ಲಿ (16ರ ಆಧಾರದ ಎಣಿಕೆಯಲ್ಲಿ) 32. ಹಾಗಾಗಿ 2024 ಅನ್ನುವ ಕ್ಲಾಸ್‌ಗೆ .\32 024 ಅಂತ ಬರೆಯಿರಿ. ನಡುವೆ ಸ್ಪೇಸ್ ಹಾಕಲೇಬೇಕು, ಇಲ್ಲದಿದ್ದರೆ 32024 ಅನ್ನುವ ಬೇರೆ ಯಾವುದೋ ಅಕ್ಷರವಾಗುತ್ತದೆ. ಸ್ಪೇಸ್ ಬೇಡವಾದರೆ ಸೊನ್ನೆ ತುಂಬಿಸಿ 6 ಅಂಕಿ ಮಾಡಿ: .\000032024. ಆಗುತ್ತದೆ, ಆದರೆ ಆರು ತಿಂಗಳ ನಂತರ ಓದುವವರಿಗೆ ಕಷ್ಟ ಅಲ್ವಾ? ಜಾವಾಸ್ಕ್ರಿಪ್ಟ್‌ನಿಂದ ಹುಡುಕುವುದಾದರೆ ಸಿಎಸ್‌ಎಸ್ ಎಸ್ಕೇಪ್ ಫಂಕ್ಷನ್ ಇದೆ, ಅದನ್ನೇ ಬಳಸಿ.

ದೊಡ್ಡಕ್ಷರ, ಚಿಕ್ಕಕ್ಷರ ಬೇರೆ ಬೇರೆ. ಡಾಕ್‌ಟೈಪ್ (ಪುಟದ ಮೊದಲಿಗೆ ಬರುವ ಘೋಷಣೆಯ ಸಾಲು) ಇಲ್ಲದ ಪುಟದಲ್ಲಿ ಈ ಭೇದ ಕಾಣುವುದಿಲ್ಲ, ಡಾಕ್‌ಟೈಪ್ ಹಾಕಿದ ದಿನ ಅರ್ಧ ಸ್ಟೈಲ್ ಮಾಯವಾಗುತ್ತದೆ. ಎಲ್ಲವನ್ನೂ ಚಿಕ್ಕಕ್ಷರದಲ್ಲಿ, ಹೈಫನ್ ಹಾಕಿ ಬರೆಯಿರಿ.

ಹೆಸರು ಕೆಲಸ ಹೇಳಲಿ, ಬಣ್ಣ ಬೇಡ. ಕೆಂಪು-ಬಟನ್ ನಾಳೆ ನೀಲಿಯಾದರೆ? ಎಚ್ಚರಿಕೆ-ಬಟನ್ ಅನ್ನಿ. ಎಳೆದು ಬಿಟ್ಟು ಪುಟ ಕಟ್ಟುವ ಕೆಲವು ಟೂಲ್‌ಗಳು ಬಾಕ್ಸ್17, ಬಾಕ್ಸ್18 ಅಂತ ಹೆಸರು ಉಗುಳುತ್ತವೆ. ಅವನ್ನು ಹಾಗೇ ಇಟ್ಟುಕೊಳ್ಳಬೇಡಿ.

ಇಷ್ಟಾದರೂ ಸ್ಟೈಲ್ ಬರದಿದ್ದರೆ ಬ್ರೌಸರ್‌ನ ಇನ್‌ಸ್ಪೆಕ್ಟರ್ ತೆರೆಯಿರಿ. ಸಾಲಿನ ಮೇಲೆ ಗೆರೆ ಎಳೆದಿದ್ದರೆ ಬೇರೆ ರೂಲ್ ಅದನ್ನು ಮೀರಿಸಿರಬಹುದು. ರೂಲೇ ಕಾಣದಿದ್ದರೆ ಮತ್ತೆ ಹೆಸರು ನೋಡಿ.