ಕ್ಲಿನಿಕ್ ಮುಚ್ಚದೆ ತಾಲ್ಲೂಕು ಪಂಚಾಯಿತಿ ಸದಸ್ಯನಾಗಿದ್ದ ನನ್ನ ಅನುಭವ

ಕ್ಲಿನಿಕ್ ನಡೆಸುತ್ತಿರುವ ವೈದ್ಯರು ಚುನಾವಣೆಗೆ ನಿಲ್ಲಬಹುದೇ, ಗೆದ್ದ ಮೇಲೂ ರೋಗಿಗಳನ್ನು ನೋಡುತ್ತಿರಲು ಸಾಧ್ಯವೇ ಎಂದು ನಮ್ಮ ಜಿಲ್ಲೆಯ ಕಿರಿಯ ವೈದ್ಯರು ಇತ್ತೀಚೆಗೆ ಆಗಾಗ ಕೇಳುತ್ತಾರೆ. 2024ರಲ್ಲಿ ಹೃದ್ರೋಗ ತಜ್ಞ ಡಾ. ಸಿ.ಎನ್. ಮಂಜುನಾಥ್ ಅವರು ಬೆಂಗಳೂರು ಗ್ರಾಮಾಂತರದಿಂದ ಲೋಕಸಭೆಗೂ, ಶಿವಮೊಗ್ಗದ ಮಕ್ಕಳ ತಜ್ಞ ಡಾ. ಧನಂಜಯ ಸರ್ಜಿ ಅವರು ನೈರುತ್ಯ ಪದವೀಧರ ಕ್ಷೇತ್ರದಿಂದ ವಿಧಾನ ಪರಿಷತ್ತಿಗೂ ಆಯ್ಕೆಯಾದ ಮೇಲೆ ಈ ಪ್ರಶ್ನೆ ಇನ್ನಷ್ಟು ಹೆಚ್ಚಿದೆ. ಪಶ್ಚಿಮ ಬಂಗಾಳದ ಮುಖ್ಯಮಂತ್ರಿಯಾಗಿದ್ದಾಗಲೂ ಬಡರೋಗಿಗಳನ್ನು ನೋಡುವುದನ್ನು ಬಿಡದಿದ್ದ ಡಾ. ಬಿ.ಸಿ. ರಾಯ್ ಅವರ ಹೆಸರನ್ನೂ ಕೆಲವರು ಎತ್ತುತ್ತಾರೆ. ನನ್ನದು ಅಷ್ಟು ದೊಡ್ಡ ಕ್ಷೇತ್ರವಲ್ಲ. ಸಾಗರದಲ್ಲಿ ಸಾಮಾನ್ಯ ವೈದ್ಯನಾಗಿರುವ ನಾನು 2016ರಿಂದ 2021ರವರೆಗೆ ತಾಲ್ಲೂಕು ಪಂಚಾಯಿತಿಯ ಸದಸ್ಯನಾಗಿದ್ದೆ, ಆ ಅವಧಿಯಲ್ಲಿ ಕ್ಲಿನಿಕ್ಕನ್ನೂ ನಡೆಸಿದೆ. ಅದನ್ನು ಹೇಗೆ ನಡೆಸಿದೆ ಎಂಬುದನ್ನಷ್ಟೇ ಇಲ್ಲಿ ಬರೆಯುತ್ತಿದ್ದೇನೆ.

ಕಾನೂನಿನ ಮಾತು ಚಿಕ್ಕದು. ಸರ್ಕಾರಿ ಸೇವೆಯಲ್ಲಿರುವ ವೈದ್ಯರು ರಾಜೀನಾಮೆ ಕೊಟ್ಟು, ಅದು ಅಂಗೀಕಾರವಾದ ಮೇಲಷ್ಟೇ ಸ್ಪರ್ಧಿಸಬಹುದು. ಖಾಸಗಿ ವೃತ್ತಿ ಸರ್ಕಾರದ ಕೆಳಗಿನ ಲಾಭದಾಯಕ ಹುದ್ದೆಯಲ್ಲವಾದ್ದರಿಂದ ಖಾಸಗಿ ವೈದ್ಯರಿಗೆ ಆ ತೊಡಕಿಲ್ಲ. ಆದರೆ 1993ರ ಪಂಚಾಯತ್ ರಾಜ್ ಅಧಿನಿಯಮದ ಪ್ರಕಾರ ಪಂಚಾಯಿತಿಯ ಕಾಮಗಾರಿಯಲ್ಲಿ, ಗುತ್ತಿಗೆಯಲ್ಲಿ ಸದಸ್ಯನಿಗೆ ಪಾಲಿರಬಾರದು. ನಾನು ಇದನ್ನು ಇನ್ನೂ ಬಿಗಿಯಾಗಿ ತೆಗೆದುಕೊಂಡು, ಸರ್ಕಾರದ ಹಣ ಬರುವ ಯಾವ ಶಿಬಿರಕ್ಕೂ, ತಪಾಸಣೆಗೂ ನನ್ನ ಕ್ಲಿನಿಕ್ಕಿನ ಹೆಸರನ್ನು ಕೊಡುವುದಿಲ್ಲವೆಂದು ಮೊದಲೇ ತೀರ್ಮಾನಿಸಿದ್ದೆ.

ರಾಜಕೀಯಕ್ಕೆ ಬರಲು ಕಾರಣ ಕ್ಲಿನಿಕ್ಕಿನಲ್ಲಿಯೇ ಇತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದ ಮೇಲೆ ಶರಾವತಿ ಹಿನ್ನೀರಿನ ಆಚೆ ಉಳಿದ ಕರೂರು ಹೋಬಳಿಯ ಜನ ಸಾಗರದ ಆಸ್ಪತ್ರೆಗೆ ಬರಬೇಕೆಂದರೆ ಹೊಳೆಬಾಗಿಲಿನಲ್ಲಿ ಲಾಂಚಿಗೆ ಕಾಯಬೇಕಿತ್ತು. ಸಂಜೆಯ ಮೇಲೆ ಲಾಂಚ್ ಇಲ್ಲವಾದರೆ ರಸ್ತೆಯಲ್ಲಿ ಬಹುದೂರ ಸುತ್ತಬೇಕಿತ್ತು. ಎದೆನೋವಿನವರಿಗೆ, ಹೆರಿಗೆ ನೋವಿನವರಿಗೆ, ಹಾವು ಕಚ್ಚಿದವರಿಗೆ ಹೋದ ಹೊತ್ತನ್ನು ನಾನು ಬರೆದುಕೊಡುವ ಯಾವ ಔಷಧಿಯೂ ಹಿಂದಕ್ಕೆ ತರುತ್ತಿರಲಿಲ್ಲ. ಹಂದಿಗೋಡು ಕಾಯಿಲೆಯ ವಿಷಯವೂ ಹಾಗೆಯೇ. ಸಾಗರದ ಪಕ್ಕದ ಹಂದಿಗೋಡಿನಲ್ಲಿ 1970ರ ದಶಕದಲ್ಲಿ ವೈದ್ಯಲೋಕದ ಗಮನಕ್ಕೆ ಬಂದ, ವಂಶವಾಹಿಯಾಗಿ ಬರುವ ಈ ಮೂಳೆ-ಕೀಲುಗಳ ಕಾಯಿಲೆಗೆ ಇಂದಿಗೂ ಗುಣಪಡಿಸುವ ಔಷಧಿಯಿಲ್ಲ. ಸೊಂಟ ಹಿಡಿದು ನೆಲದ ಮೇಲೆ ತೆವಳುವ ಹಂತಕ್ಕೆ ಬಂದವರಿಗೆ ನೋವಿನ ಮಾತ್ರೆ ಬರೆದುಕೊಡುವುದಕ್ಕಿಂತ ಮಾಸಾಶನ ಸರಿಯಾಗಿ ಬರುವಂತೆ, ಮನೆಯ ಬಾಗಿಲಿಗೆ ರಸ್ತೆಯಾಗುವಂತೆ, ಬಚ್ಚಲು ಬಳಸಲು ಬರುವಂತೆ ನೋಡಿಕೊಳ್ಳುವುದೇ ನಿಜವಾದ ಚಿಕಿತ್ಸೆ. ಆ ಚಿಕಿತ್ಸೆ ಕೊಡುವ ಅಧಿಕಾರ ಇದ್ದದ್ದು ಸಭೆಗಳಲ್ಲಿ. ಹಾಗಾಗಿ ಪಕ್ಷವೊಂದು ಕೇಳಿದಾಗ ಒಪ್ಪಿಕೊಂಡೆ.

ಪ್ರಚಾರದ ದಿನಗಳಿಗೆ ನಾನೇ ಕೆಲವು ಕಟ್ಟುಪಾಡುಗಳನ್ನು ಹಾಕಿಕೊಂಡೆ. ಚುನಾವಣೆಯ ಅಧಿಸೂಚನೆ ಹೊರಟ ದಿನದಿಂದ ಫಲಿತಾಂಶದವರೆಗೆ ಕ್ಲಿನಿಕ್ಕನ್ನು ಸಹಪಾಠಿ ವೈದ್ಯರೊಬ್ಬರಿಗೆ ಒಪ್ಪಿಸಿದೆ. ಬಡವರಿಂದ ಶುಲ್ಕ ತೆಗೆದುಕೊಳ್ಳದ ರೂಢಿ ಮೊದಲಿನಿಂದಲೂ ಇತ್ತು, ಅದನ್ನು ಅವರು ಹಾಗೆಯೇ ಮುಂದುವರಿಸಿದರು. ಆದರೆ ಹೊಸದಾಗಿ ಯಾರಿಗೂ ರಿಯಾಯಿತಿ ಕೊಡಬಾರದು, ಕಂಪನಿಗಳು ಕೊಟ್ಟ ಸ್ಯಾಂಪಲ್ ಔಷಧಿಯನ್ನು ಹಂಚಬಾರದು ಎಂದು ಕೇಳಿಕೊಂಡೆ. ಮತದಾರನಿಗೆ ಕೊಡುವ ಉಡುಗೊರೆ ಸೀರೆಯಾಗಿರಲಿ, ಟಾನಿಕ್ಕಾಗಿರಲಿ, ಕಾನೂನಿನ ಕಣ್ಣಿಗೆ ಒಂದೇ. ಕರಪತ್ರದಲ್ಲಿ ಹೆಸರಿನ ಹಿಂದೆ ‘ಡಾ.’ ಎಂದಿತ್ತು, ಕೊರಳಿಗೆ ಸ್ಟೆತಸ್ಕೋಪ್ ಹಾಕಿದ ಫೋಟೋ ಇರಲಿಲ್ಲ. ವೈದ್ಯರು ಪ್ರತ್ಯಕ್ಷವಾಗಿಯಾಗಲಿ ಪರೋಕ್ಷವಾಗಿಯಾಗಲಿ ಜಾಹೀರಾತಿನ ಮೂಲಕ ರೋಗಿಗಳನ್ನು ಸೆಳೆಯಬಾರದೆಂದು ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಡಾವಳಿ ನಿಯಮಗಳು ಹೇಳುತ್ತವೆ. ಊರೆಲ್ಲ ಕಾಣುವ ಚುನಾವಣಾ ಫ್ಲೆಕ್ಸಿನಲ್ಲಿ ವೈದ್ಯನ ವೇಷ ತೊಟ್ಟು ನಿಂತರೆ ಅದು ಮತದ ಜಾಹೀರಾತೋ ವೃತ್ತಿಯ ಜಾಹೀರಾತೋ ಎಂದು ಬೇರ್ಪಡಿಸಲಾಗದು.

ಉಚಿತ ಆರೋಗ್ಯ ಶಿಬಿರ ನಡೆಸೋಣವೆಂದು ಕಾರ್ಯಕರ್ತರು ಬಹಳ ಒತ್ತಾಯಿಸಿದರು. ನಾನು ಒಪ್ಪಲಿಲ್ಲ. ಶಾಮಿಯಾನದ ಕೆಳಗೆ ಒಂದು ಸಲ ಬಿಪಿ ನೋಡಿ ಯಾರನ್ನೂ ರಕ್ತದೊತ್ತಡದ ರೋಗಿ ಎಂದು ಹೇಳಲು ಬರುವುದಿಲ್ಲ, ಬೇರೆ ಬೇರೆ ದಿನ ಅಳೆಯಬೇಕು. ಅಳೆದ ಮೇಲೆ ತಿಂಗಳು ತಿಂಗಳು ಮಾತ್ರೆ ಸಿಗಬೇಕು, ಅದನ್ನು ಬಿಡದೆ ನುಂಗಿಸಬೇಕು. ಒಂದು ದಿನ ಹತ್ತು ಮಾತ್ರೆ ಕೊಟ್ಟು ಹೋಗುವ ಶಿಬಿರ ರೋಗಿಗೆ ಕಾಯಿಲೆ ವಾಸಿಯಾಯಿತೆಂಬ ಸುಳ್ಳು ಸಮಾಧಾನ ಕೊಡುತ್ತದೆ. ಈ ವಿಷಯದಲ್ಲಿ ನನ್ನ ಅಭಿಪ್ರಾಯ ಈಗಲೂ ಕಟುವಾಗಿಯೇ ಇದೆ.

ಗೆದ್ದ ಮೇಲೆ ಬೆಳಗಿನ ಹೊತ್ತು ಕ್ಲಿನಿಕ್ಕಿಗೆ, ಮಧ್ಯಾಹ್ನದ ನಂತರದ್ದು ಕ್ಷೇತ್ರಕ್ಕೆ ಎಂದು ಹಂಚಿದೆ. ಸಭೆಯಿರುವ ದಿನಗಳ ಪಟ್ಟಿಯನ್ನು ಮುಂಚಿತವಾಗಿಯೇ ಬಾಗಿಲಿಗೆ ಅಂಟಿಸುತ್ತಿದ್ದೆವು. ಕ್ಲಿನಿಕ್ಕಿನ ಬೆಂಚಿನ ಮೇಲೆ ಪಕ್ಷದವರು ಕೂರುವಂತಿರಲಿಲ್ಲ, ಅರ್ಜಿ ತಂದವರು ಸಂಜೆ ಬೇರೆ ಕಡೆ ಇದ್ದ ಕೊಠಡಿಗೆ ಬರಬೇಕಿತ್ತು. ಮೊದಮೊದಲು ಜನರಿಗೆ ಇದು ಸರಿಬರಲಿಲ್ಲ. ಕೆಮ್ಮಿಗೆ ತೋರಿಸಲು ಬಂದ ಹಿರಿಯರು, “ಡಾಕ್ಟ್ರೇ, ಹೆಂಗೂ ಬಂದೀನಲ, ಹಕ್ಕುಪತ್ರದ್ದೂ ಒಂದ್ ಮಾತು ಹೇಳ್ಬಿಡಿ” ಎಂದು ಕಾಗದ ತೆಗೆಯುತ್ತಿದ್ದರು. ಅವರನ್ನು ನೋಯಿಸದೆ ಸಂಜೆಗೆ ಬರಹೇಳುವುದನ್ನು ನಮ್ಮ ನರ್ಸಮ್ಮನೇ ನನಗಿಂತ ಚೆನ್ನಾಗಿ ಮಾಡುತ್ತಿದ್ದರು. ಕಾರಣ ಸರಳ: ಹೊರಗೆ ಕಾಯುತ್ತಿರುವ ಜ್ವರದ ಮಗುವಿನ ಹೊತ್ತನ್ನು ಹಕ್ಕುಪತ್ರಕ್ಕೆ ಕೊಡುವ ಅಧಿಕಾರ ನನಗಿಲ್ಲ. ಇನ್ನೊಂದು ಕಾರಣವೂ ಇತ್ತು. ನನ್ನ ಪಕ್ಷಕ್ಕೆ ಮತ ಹಾಕದವರು ಆ ಬೆಂಚಿನ ಮೇಲೆ ಮುಜುಗರವಿಲ್ಲದೆ ಕೂರುವಂತಿರಬೇಕಿತ್ತು.

ಒಂದೇ ಊರಿನಲ್ಲಿ ವರ್ಷಾನುಗಟ್ಟಲೆ ವೈದ್ಯನಾಗಿದ್ದವನಿಗೆ ಯಾರ ಮನೆಯಲ್ಲಿ ಕುಡಿತವಿದೆ, ಯಾರು ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ, ಯಾರಿಗೆ ಕ್ಷಯವಿತ್ತು ಎಲ್ಲವೂ ಗೊತ್ತಿರುತ್ತದೆ. ರಾಜಕೀಯದಲ್ಲಿ ಇಂಥ ತಿಳಿವಳಿಕೆಗೆ ಬೆಲೆ ಕಟ್ಟುವವರಿರುತ್ತಾರೆ. ಎದುರು ಪಕ್ಷದ ಅಭ್ಯರ್ಥಿಗಳ ಆರೋಗ್ಯದ ಬಗ್ಗೆ ನಮ್ಮವರು ಯಾವ ಪ್ರಶ್ನೆ ಕೇಳಿದರೂ, ಅವರು ನನ್ನ ರೋಗಿಯೋ ಅಲ್ಲವೋ ಎಂಬುದನ್ನೂ ನಾನು ಹೇಳುತ್ತಿರಲಿಲ್ಲ. “ಅವರು ನಿಮ್ಮ ಹತ್ತಿರ ಬರುವುದೇ ಇಲ್ಲ” ಎಂದು ಕೆಣಕಿದಾಗಲೂ ಉತ್ತರ ಕೊಡಬಾರದು. ಒಬ್ಬರ ವಿಷಯದಲ್ಲಿ ‘ಇಲ್ಲ’ ಎಂದರೆ, ಮುಂದೆ ಇನ್ನೊಬ್ಬರ ವಿಷಯದಲ್ಲಿ ಸುಮ್ಮನಿದ್ದಾಗ ಅದು ‘ಹೌದು’ ಆಗಿಬಿಡುತ್ತದೆ.

ಪ್ರಮಾಣಪತ್ರಗಳ ಕಾಟ ಇದಕ್ಕಿಂತ ದೊಡ್ಡದು. ಊರಿನಲ್ಲಿ ಹೊಡೆದಾಟವಾದರೆ ಎರಡೂ ಕಡೆಯವರಿಗೆ ಗಾಯದ ಪ್ರಮಾಣಪತ್ರ ಬೇಕು, ಅದರಲ್ಲೂ ಗಾಯ ತೀವ್ರವೆಂದು ಬರೆದಿರಬೇಕು. ಮೂಳೆ ಮುರಿದಿದೆಯೋ, ಹಲ್ಲು ಬಿದ್ದಿದೆಯೋ ಎಂಬುದರ ಮೇಲೆ ಮೊಕದ್ದಮೆಯ ಕಲಮೇ ಬದಲಾಗುತ್ತದೆ. ಸದಸ್ಯನಾದ ದಿನದಿಂದ ಅಂಥ ಪ್ರಕರಣಗಳಲ್ಲಿ ಪ್ರಥಮ ಚಿಕಿತ್ಸೆ ಮಾತ್ರ ಮಾಡಿ, ಬರೆದದ್ದರ ಪ್ರತಿಯೊಂದಿಗೆ ಸಾಗರದ ಸರ್ಕಾರಿ ಆಸ್ಪತ್ರೆಗೆ ಕಳುಹಿಸುತ್ತಿದ್ದೆ. ರಜೆಗಾಗಿ ಕಾಯಿಲೆಯ ಸುಳ್ಳು ಪತ್ರ ಕೇಳಿದವರಿಗೂ ಕೊಡಲಿಲ್ಲ. ಕೆಲವು ಮತಗಳು ಇದರಿಂದ ಹೋಗಿರಬಹುದು.

ಈಗ ಎಲ್ಲಕ್ಕಿಂತ ಮುಖ್ಯವಾದ ವಿಷಯಕ್ಕೆ ಬರುತ್ತೇನೆ. ಖಾಸಗಿ ವೈದ್ಯ ರಾಜಕೀಯದಲ್ಲಿದ್ದರೆ ಅವನ ಹಿತಾಸಕ್ತಿಯ ಘರ್ಷಣೆ ಇರುವುದು ಗುತ್ತಿಗೆಯಲ್ಲಲ್ಲ, ಸರ್ಕಾರಿ ಆಸ್ಪತ್ರೆಯಲ್ಲಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವೈದ್ಯರಿಲ್ಲದಿದ್ದರೆ ಆ ಊರಿನ ಜ್ವರ, ಕೆಮ್ಮು, ಸಕ್ಕರೆ ಕಾಯಿಲೆ ಎಲ್ಲ ನನ್ನ ಬಾಗಿಲಿಗೇ ಬರುತ್ತದೆ. ಆ ಹುದ್ದೆ ತುಂಬಲಿ ಎಂದು ಸಭೆಯಲ್ಲಿ ಮಾತನಾಡುವವನು ತನ್ನ ಆದಾಯಕ್ಕೆ ತಾನೇ ಕತ್ತರಿ ಹಾಕಿಕೊಳ್ಳುತ್ತಾನೆ, ಮಾತನಾಡದೆ ಕುಳಿತರೆ ಯಾರಿಗೂ ತಿಳಿಯುವುದಿಲ್ಲ. ಸುಮ್ಮನಿರುವುದು ಇಷ್ಟು ಸುಲಭವಾಗಿರುವುದರಿಂದಲೇ ಇದು ಅಪಾಯಕಾರಿ. ನಾನು ಮೊದಲ ಸಾಮಾನ್ಯ ಸಭೆಯಲ್ಲೇ ನನ್ನ ಕ್ಲಿನಿಕ್ಕಿನ ಸಂಗತಿಯನ್ನು ಹೇಳಿ, ನಡಾವಳಿಯಲ್ಲಿ ಬರೆಸಿದೆ. ಆಮೇಲೆ ನನ್ನ ಕ್ಷೇತ್ರದ ಆರೋಗ್ಯ ಕೇಂದ್ರದ ಖಾಲಿ ಹುದ್ದೆ, ಔಷಧಿ ದಾಸ್ತಾನು, ಹಾವಿನ ವಿಷಕ್ಕೆ ಕೊಡುವ ಪ್ರತಿವಿಷ ಇವುಗಳ ಬಗ್ಗೆ ತಾಲ್ಲೂಕು ಆರೋಗ್ಯಾಧಿಕಾರಿಗಳನ್ನು ಪ್ರತಿ ಸಭೆಯಲ್ಲೂ ಕೇಳಿದೆ. (ನಮ್ಮಲ್ಲಿ ಸಿಗುವ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೆ ಮಾತ್ರ. ಮಲೆನಾಡಿನ ತೋಟಗಳಲ್ಲಿ ಕಚ್ಚುವ ಗುಳಿಮಂಡಲದ ಜಾತಿಗಳಿಗೆ ಅದು ನಾಟುವುದಿಲ್ಲ. ಈ ವಿಷಯ ಸಭೆಯಲ್ಲಿದ್ದ ಬಹುಪಾಲು ಸದಸ್ಯರಿಗೆ ಹೊಸದಾಗಿತ್ತು.) ಆ ಕೇಂದ್ರಕ್ಕೆ ವೈದ್ಯರು ಬಂದ ಮೇಲೆ ಬಿಪಿ, ಸಕ್ಕರೆ ಕಾಯಿಲೆಯವರಿಗೆ ಔಷಧಿಯ ಮೂಲ ಹೆಸರನ್ನೇ ಬರೆದುಕೊಟ್ಟು, ಪುಕ್ಕಟೆಯಾಗಿ ಸಿಗುವ ಆ ಮಾತ್ರೆಗಳನ್ನು ಅಲ್ಲಿಂದಲೇ ತೆಗೆದುಕೊಳ್ಳಿ ಎಂದು ಕಳುಹಿಸತೊಡಗಿದೆ. ನನ್ನಲ್ಲಿಗೆ ಬರುವವರ ಸಂಖ್ಯೆ ಕಡಿಮೆಯಾಯಿತು. ಮನೆಯ ಖರ್ಚಿನ ಲೆಕ್ಕವನ್ನು ನಾವು ಅದಕ್ಕೆ ಹೊಂದಿಸಿಕೊಂಡೆವು.

2017ರ ನವೆಂಬರಿನಲ್ಲಿ ಖಾಸಗಿ ವೈದ್ಯಕೀಯ ಸಂಸ್ಥೆಗಳ ತಿದ್ದುಪಡಿ ಮಸೂದೆಯ ವಿರುದ್ಧ ರಾಜ್ಯದ ಖಾಸಗಿ ವೈದ್ಯರು ಮುಷ್ಕರ ಹೂಡಿದಾಗ ಈ ಘರ್ಷಣೆ ಬಹಿರಂಗವಾಗಿ ಎದುರಾಯಿತು. ವೈದ್ಯರಿಗೆ ಸೆರೆವಾಸ ವಿಧಿಸುವ ಅಂಶವನ್ನು ನಾನೂ ವಿರೋಧಿಸಿದೆ, ಆದರೆ ದರಪಟ್ಟಿಯನ್ನು ರೋಗಿಗೆ ಕಾಣುವಂತೆ ಹಾಕುವುದು, ದೂರು ಕೊಡಲು ಒಂದು ವ್ಯವಸ್ಥೆ ಇರುವುದು ಸರಿಯೆಂದು ಸಹವೈದ್ಯರ ಎದುರಿನಲ್ಲೇ ಹೇಳಿದೆ. ಸ್ನೇಹಿತರು ಕೆಲವರು ಬೇಸರ ಮಾಡಿಕೊಂಡರು.

ಅವಧಿಯ ಅತ್ಯಂತ ಕಷ್ಟದ ಕಾಲ 2018ರ ಡಿಸೆಂಬರಿನಿಂದ ಶುರುವಾಯಿತು. ನಮ್ಮ ತಾಲ್ಲೂಕಿನ ಅರಳಗೋಡು ಸುತ್ತಮುತ್ತ ಮಂಗಗಳು ಸತ್ತವು, ಹಿಂದೆಯೇ ಜನರಿಗೆ, ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆ ಬಂತು, ಹಲವರು ತೀರಿಕೊಂಡರು. 1957ರಲ್ಲಿ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಈ ರೋಗಕ್ಕೆ ನೇರವಾದ ಔಷಧಿ ಇಂದಿಗೂ ಇಲ್ಲ. ದಿಢೀರನೆ ಬರುವ ಜ್ವರ, ತಲೆಯೊಡೆಯುವ ನೋವು, ಸೊಂಟ ಮತ್ತು ಮೀನಖಂಡದ ಸೆಳೆತ, ಕೆಂಪಾದ ಕಣ್ಣು ಕಂಡರೆ ಕ್ಲಿನಿಕ್ಕಿನಲ್ಲಿ ನಾನು ಮಾಡಬಹುದಾದದ್ದು ಅನುಮಾನ ಪಟ್ಟು, ಆರೋಗ್ಯಾಧಿಕಾರಿಗಳಿಗೆ ತಿಳಿಸಿ, ರಕ್ತದ ಮಾದರಿ ಶಿವಮೊಗ್ಗಕ್ಕೆ ಹೋಗುವಂತೆ ನೋಡಿ, ರೋಗಿಯನ್ನು ದೊಡ್ಡ ಆಸ್ಪತ್ರೆಗೆ ಕಳುಹಿಸುವುದು. ಪ್ರತಿ ಜ್ವರದ ರೋಗಿಯ ಚೀಟಿಯಲ್ಲಿ ಊರು, ಕಾಡಿಗೆ ಹೋದ ದಿನ, ಹತ್ತಿರದಲ್ಲಿ ಮಂಗ ಸತ್ತಿತ್ತೇ ಎಂಬುದನ್ನು ಬರೆಯತೊಡಗಿದೆ. ಸಭೆಯಲ್ಲಿ ಹೆಸರುಗಳನ್ನು ಹೇಳದೆ ಊರುವಾರು ಸಂಖ್ಯೆಯನ್ನಷ್ಟೇ ಇಟ್ಟು, ಎಲ್ಲಿ ಉಣುಗು ಕಚ್ಚದಂತೆ ಮೈಗೆ ಹಚ್ಚುವ ತೈಲ ತಲುಪಿಲ್ಲ, ಎಲ್ಲಿ ಲಸಿಕೆ ಹಾಕಿಲ್ಲ ಎಂದು ಕೇಳಲು ಇದು ನೆರವಾಯಿತು. ಮಂಗ ಸತ್ತ ಸುದ್ದಿ ಅರಣ್ಯ ಇಲಾಖೆಗೂ ಪಶುವೈದ್ಯರಿಗೂ ಆರೋಗ್ಯ ಇಲಾಖೆಗೂ ಒಂದೇ ದಿನ ಮುಟ್ಟಬೇಕೆಂಬುದು ನನ್ನ ಮುಖ್ಯ ಒತ್ತಾಯವಾಗಿತ್ತು, ಏಕೆಂದರೆ ಸತ್ತ ಮಂಗದ ಮೈಯಿಂದ ಇಳಿದ ಉಣುಗುಗಳು ಆ ಜಾಗದಲ್ಲೇ ಹರಡಿಕೊಂಡು ಕಾಯುತ್ತಿರುತ್ತವೆ.

ಲಸಿಕೆಗೆ ಜನರನ್ನು ಒಪ್ಪಿಸಲು ಹೋದಾಗ ಪಕ್ಷದವರನ್ನು ಜೊತೆಗೆ ಕರೆದೊಯ್ಯಲಿಲ್ಲ, ಆಶಾ ಕಾರ್ಯಕರ್ತೆಯರ ಹಿಂದೆ ಹೋದೆ. ಕೊಟ್ಟಿಗೆಗೆ ಕಾಡಿನಿಂದ ದರಕು, ಅಂದರೆ ಒಣಗಿದ ಎಲೆ, ತರುವ ಹೆಂಗಸರೊಬ್ಬರು, “ಆ ಸೂಜಿ ಚುಚ್ಚಿಸ್ಕೊಂಡ್ರೆ ಎರಡು ದಿನ ತೋಳು ಎತ್ತಕ್ಕಾಗಲ್ಲ ಡಾಕ್ಟ್ರೇ, ದನಕ್ಕೆ ಯಾರು ನೋಡ್ತಾರೆ?” ಎಂದು ಕೇಳಿದ್ದು ಸುಳ್ಳು ನೆಪವಲ್ಲ, ನಿಜವಾದ ಕಷ್ಟ. ತಿಂಗಳ ಅಂತರದಲ್ಲಿ ಎರಡು ಡೋಸ್, ಆರರಿಂದ ಒಂಬತ್ತು ತಿಂಗಳಿಗೆ ಬೂಸ್ಟರ್, ಆಮೇಲೆ ವರ್ಷ ವರ್ಷ ಮತ್ತೆ. ಇಷ್ಟಾದರೂ ರಕ್ಷಣೆ ಪೂರ್ತಿಯಲ್ಲ. ಪ್ರಕಟವಾದ ಅಧ್ಯಯನದ ಪ್ರಕಾರ ಎರಡು ಡೋಸಿಗೆ ಸುಮಾರು ಶೇ. 62, ಬೂಸ್ಟರ್ ಸೇರಿದರೆ ಸುಮಾರು ಶೇ. 83. ಮತ ಕೇಳುವವನ ನಾಲಗೆಗೆ ‘ಏನೂ ಆಗುವುದಿಲ್ಲ, ಹಾಕಿಸಿಕೊಳ್ಳಿ’ ಎಂಬ ಮಾತು ಬೇಗ ಬರುತ್ತದೆ. ನಾನು ಆ ಮಾತನ್ನು ಆಡಲಿಲ್ಲ. ಹತ್ತು ಜನಕ್ಕೆ ಬರಬಹುದಾದದ್ದು ನಾಲ್ಕು ಜನಕ್ಕೆ ಬಂದೀತು, ಬೂಸ್ಟರ್ ಆದ ಮೇಲೆ ಇಬ್ಬರಿಗೆ ಬಂದೀತು, ತೈಲ ಹಚ್ಚುವುದನ್ನು ಬಿಡಬೇಡಿ ಎಂದೇ ಹೇಳಿದೆ. ಲಸಿಕೆ ಹಾಕಿಸಿಕೊಂಡವರಿಗೂ ಆಮೇಲೆ ಕಾಯಿಲೆ ಬಂದಾಗ, ಅವರ ಮನೆಯವರು ನನ್ನನ್ನು ದೂರದೆ ಇದ್ದದ್ದು ಈ ಮಾತಿನಿಂದಲೇ ಎಂದು ನಂಬಿದ್ದೇನೆ. ಆ ಲಸಿಕೆಯ ಬಳಕೆ 2022ರಲ್ಲಿ ನಿಂತಿದೆ. ಹೊಸ ಲಸಿಕೆ ಬೇಗ ಬರಲಿ ಎಂದು ಕೇಳುವುದು ಮಲೆನಾಡಿನ ಯಾವ ಪಕ್ಷದ ಪ್ರತಿನಿಧಿಗಾದರೂ ಮೊದಲ ಕೆಲಸವಾಗಬೇಕು.

ತಾಲ್ಲೂಕು ಪಂಚಾಯಿತಿಗೆ ಇರುವ ಅನುದಾನವೂ ಅಧಿಕಾರವೂ ಕಡಿಮೆ. ಕರೂರು ಹೋಬಳಿಯ ಸೇತುವೆಯಂಥ ಕೆಲಸ ನಮ್ಮ ಕೈಯಲ್ಲಿರಲಿಲ್ಲ, ಅದಕ್ಕೆ 2018ರಲ್ಲಿ ಶಂಕುಸ್ಥಾಪನೆಯಾಗಿ 2025ರ ಜುಲೈಯಲ್ಲಿ ಸಂಚಾರಕ್ಕೆ ತೆರೆಯಿತು. ಈಗ ಆ ಕಡೆಯ ರೋಗಿಗಳು ರಾತ್ರಿಯಲ್ಲೂ ಬರುತ್ತಾರೆ. ನಮ್ಮ ಅವಧಿ 2021ರಲ್ಲಿ ಮುಗಿದ ಮೇಲೆ ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳಿಗೆ ಚುನಾವಣೆ ನಡೆಯದೆ, ಆಡಳಿತಾಧಿಕಾರಿಗಳ ಕೈಯಲ್ಲಿವೆ. ಆರೋಗ್ಯ ಕೇಂದ್ರದ ಔಷಧಿ ದಾಸ್ತಾನಿನ ಪ್ರಶ್ನೆಯನ್ನು ಸಭೆಯಲ್ಲಿ ನಿಂತು ಕೇಳುವ ಚುನಾಯಿತ ಸದಸ್ಯ ಅಲ್ಲಿಲ್ಲ. ಹಾಗಾಗಿ ಪ್ರತಿ ವರ್ಷ ಮಳೆಗಾಲ ಮುಗಿದೊಡನೆ ಉಣುಗು ತಡೆಯುವ ಡೆಪಾ ತೈಲದ, ಆ್ಯಂಬುಲೆನ್ಸಿನ ವಿವರವನ್ನು ಮಾಹಿತಿ ಹಕ್ಕಿನಡಿ ಕೇಳಿ, ಬಂದ ಉತ್ತರವನ್ನು ಗ್ರಾಮ ಪಂಚಾಯಿತಿ ಸದಸ್ಯರಿಗೆ ಹಂಚುತ್ತಿದ್ದೇನೆ. ಚುನಾವಣೆ ಘೋಷಣೆಯಾದರೆ ಮತ್ತೆ ನಿಲ್ಲುತ್ತೇನೆಂದು ಪಕ್ಷಕ್ಕೆ ತಿಳಿಸಿದ್ದೇನೆ, ಆ ದಿನಗಳಲ್ಲಿ ಕ್ಲಿನಿಕ್ಕನ್ನು ನೋಡಿಕೊಳ್ಳಲು ಅದೇ ಸಹಪಾಠಿ ಈಗಲೇ ಒಪ್ಪಿದ್ದಾರೆ.